ಕೆಂಪು ಚುಕ್ಕೆ ಬಲಕ್ಕೆ

ಎಡಬಲ ತಪ್ಪಿದವಳು ನಾನು, ಕನ್ನಡಕದಂಗಡಿಯವರಲ್ಲ. ಮೊಮ್ಮಗಳ ಕಣ್ಣಿನಲ್ಲಿ ದೋಷವಿರಲಿಲ್ಲ. ಮದ್ರಾಸಿನಿಂದ ಬಂದ ಲೆನ್ಸಿನಲ್ಲಿ ದೋಷವಿರಲಿಲ್ಲ. ನಾವು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಬಲಗಣ್ಣಿನದನ್ನು ಎಡಗಣ್ಣಿಗೆ, ಎಡಗಣ್ಣಿನದನ್ನು ಬಲಗಣ್ಣಿಗೆ ಹಾಕಿದವಳು ನಾನು. ನಡೆದದ್ದು ಇಷ್ಟೆ.

ಆ ಅಂಗಡಿಯವರ ಬೆರಳುಗಳ ವಿಷಯ ಮೊದಲು ಹೇಳಬೇಕು. ದಿನಕ್ಕೆ ಎಷ್ಟು ಸಲ ಸೋಪು ಹಾಕಿ ತೊಳೆಯುತ್ತಿದ್ದರೋ, ತುದಿಗಳು ರಾತ್ರಿಯೆಲ್ಲ ನೆನೆಸಿದ ಕಡಲೆಕಾಳಿನ ಹಾಗೆ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ಉಗುರನ್ನು ಅದೆಷ್ಟು ಒತ್ತಿ ಕತ್ತರಿಸುತ್ತಿದ್ದರು ಎಂದರೆ ಮಾಂಸವೇ ಉಗುರಿನ ಮೇಲೆ ಉಬ್ಬಿಕೊಂಡಿರುತ್ತಿತ್ತು. ಬೇರೆಯವರ ಉಗುರನ್ನೂ ಬಿಡುತ್ತಿರಲಿಲ್ಲ. ನಾನು ಮೊದಲ ದಿನ ಅಂಗಡಿಯ ಮೆಟ್ಟಿಲು ಹತ್ತಿದಾಗ ಮಗುವಿನ ಮುಖ ನೋಡುವ ಮೊದಲು ನನ್ನ ಕೈ ನೋಡಿದರು. "ತಾಯಿ, ಈ ಕೈಯಲ್ಲಿ ಮುದ್ದೆ ಕಟ್ಟಿ, ಪರವಾಗಿಲ್ಲ. ಕಣ್ಣು ಮುಟ್ಟೋಕಾಗಲ್ಲ" ಎಂದು ಹೇಳಿ ಒಂದು ಉಗುರು ಕತ್ತರಿ ಕೊಟ್ಟು ಹೊರಗೆ ಕಳಿಸಿದರು. ಹುಣಸೂರು ಬಸ್ ಸ್ಟ್ಯಾಂಡಿನ ಎದುರು ಮೆಟ್ಟಿಲ ಮೇಲೆ ಕುಳಿತು, ಹೋಗಿಬರುವವರೆಲ್ಲ ನೋಡುತ್ತಿರುವಾಗ ಉಗುರು ಕತ್ತರಿಸಿಕೊಂಡೆ. ಈ ಮನುಷ್ಯನಿಗೂ ನನಗೂ ಆಗಿ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ನನ್ನ ಮೊಮ್ಮಗಳು ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ ಇತ್ತು. ಮುದುಕರಿಗೆ ಬರುವುದು ಹಸುಗೂಸಿಗೆ ಹೇಗೆ ಬಂತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದ ಡಾಕ್ಟರುಗಳೆಲ್ಲ ಒಂದೊಂದು ಹೇಳಿದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಶನ್ ಮಾಡಿ ಪೊರೆ ತೆಗೆದರು. ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಕೊಟ್ಟರು. ಮಗು ಅದನ್ನು ಒಂದು ಗಳಿಗೆ ಮುಖದ ಮೇಲೆ ಇಟ್ಟುಕೊಳ್ಳಲಿಲ್ಲ. ಲಾಡಿ ಕಟ್ಟಿದರೆ ಲಾಡಿಯ ಸಮೇತ ಕಿತ್ತು ಎಸೆಯುತ್ತಿದ್ದಳು. ಆಗ ಅಲ್ಲಿನ ಡಾಕ್ಟರಮ್ಮ ಹೇಳಿದ್ದು ಇದು: "ಕಣ್ಣು ಸರಿ ಇದ್ರೆ ಸಾಲ್ದು ಅಜ್ಜಿ. ನೋಡೋದನ್ನ ಮಕ್ಕಳು ಈ ವಯಸ್ಸಲ್ಲೇ ಕಲೀಬೇಕು. ಈಗ ಮಸುಕು ಮಸುಕಾಗಿ ಕಂಡ್ರೆ ಮುಂದೆ ಎಂಥಾ ಕನ್ನಡಕ ಹಾಕಿದ್ರೂ ಮಸುಕೇ. ಕಣ್ಣಿನ ಮೇಲೇ ಕೂರೋ ಲೆನ್ಸ್ ಹಾಕೋಣ. ನಮ್ಮಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರೊಬ್ಬರು ಈಗ ಹುಣಸೂರಲ್ಲಿ ಅಂಗಡಿ ಇಟ್ಟಿದ್ದಾರೆ. ನಿಮಗೆ ಹತ್ತಿರ. ಅಲ್ಲಿಗೆ ಹೋಗಿ."

ಹಾಗೆ ಅವರು ನಮಗೆ ಗಂಟುಬಿದ್ದರು. ಅಥವಾ ನಾವು ಅವರಿಗೆ.

ಲೆನ್ಸ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅವರು ಒಂದನ್ನು ಬೆರಳ ತುದಿಯ ಮೇಲೆ ಇಟ್ಟು ತೋರಿಸಿದರು. ಮೀನಿನ ಮೈಮೇಲಿನ ಹುರುಪೆಯಷ್ಟು ತೆಳ್ಳಗೆ, ನೀರಿನ ಹನಿಯ ಹಾಗೆ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು.

"ಏನ್ ಸ್ವಾಮಿ, ಅಷ್ಟು ಕಷ್ಟಪಟ್ಟು ಮೈಸೂರಲ್ಲಿ ಕಣ್ಣಿನ ಪರೆ ತಗ್ಸ್ಕಂಡು ಬಂದಿವ್ನಿ. ನೀವು ಇನ್ನೊಂದು ಪರೆ ಆಕ್ತಿದ್ದೀರಲ್ಲ?"

ಅವರು ನಗಲಿಲ್ಲ. ಬಹಳ ಹೊತ್ತು ಯೋಚನೆ ಮಾಡಿ, "ನೀವು ಹೇಳೋದು ಸರಿಯಾಗೇ ಇದೆ ತಾಯಿ. ಆದ್ರೆ ಅದು ಕಾಣಿಸದೇ ಇರೋ ಹಾಗೆ ಮಾಡೋ ಪರೆ, ಇದು ಕಾಣಿಸೋ ಹಾಗೆ ಮಾಡೋ ಪರೆ" ಎಂದರು. ಆಮೇಲೆ ಹತ್ತು ಹನ್ನೆರಡು ವರ್ಷ ಅವರ ಅಂಗಡಿಯಲ್ಲಿ ನಾನು ಹೋದಾಗಲೆಲ್ಲ ಆ ವಸ್ತುವಿಗೆ ಪರೆ ಎಂದೇ ಹೆಸರು. "ಹೊಸ ಪರೆ ಬಂದಿದೆ ಬನ್ನಿ" ಎಂದು ಕಾರ್ಡು ಬರೆಯುತ್ತಿದ್ದರು.

ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕಂಕುಳಲ್ಲಿರುವ ಮಗುವನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ಬನ್ನಿ ಅಮ್ಮಾವ್ರೇ, ಬಸ್ಸಲ್ಲಿ ಸೀಟು ಸಿಕ್ತೇ? ಅಜ್ಜಿ ಸರಿಯಾಗಿ ನೋಡ್ಕೋತಿದ್ದಾರಾ?" ಮಗುವಿನ ಹತ್ತಿರ ಎಲ್ಲ ವಿಚಾರಿಸಿ ಮುಗಿದ ಮೇಲೆ ನಮ್ಮ ಕಡೆ ತಿರುಗುವುದು. ಅಂಗಡಿಯಲ್ಲಿ ಯಾರಾದರೂ ಗಡಿಯಾರ ನೋಡಿಕೊಂಡು "ಸ್ವಲ್ಪ ಬೇಗ ಮಾಡಿ ಸಾರ್, ಅರ್ಜೆಂಟ್" ಎಂದರೆ, "ಅರ್ಜೆಂಟ್ ಇದ್ರೆ ನಾಳೆ ಬನ್ನಿ" ಎನ್ನುತ್ತಿದ್ದರು. ತಮಾಷೆಗಲ್ಲ. ನಿಜವಾಗಿಯೂ ಕಳಿಸಿಬಿಡುತ್ತಿದ್ದರು.

ಹಾಕುವುದನ್ನು ಕಲಿಸಲು ಮನೆಯಿಂದ ಒಬ್ಬರು ಬೇಕು ಎಂದರು. ಸೊಸೆಯನ್ನು ಮುಂದೆ ಮಾಡಿದೆ. ಹೆತ್ತ ತಾಯಿ, ಅವಳೇ ಕಲಿಯಲಿ ಎಂದು. ಅವರು ಮಗುವಿನ ರೆಪ್ಪೆ ಬಿಡಿಸಿದ್ದೇ ತಡ, ಸೊಸೆ ಗೋಡೆ ಹಿಡಿದು ಕುಸಿದಳು. ನೀರು ಚಿಮುಕಿಸಬೇಕಾಯಿತು. ಮಗನಿಗೆ ಹೊಗೆಸೊಪ್ಪಿನ ಅಂಟು ಹತ್ತಿದ ಕೈ, ಉಜ್ಜಿದಷ್ಟೂ ಕಪ್ಪು. ಉಳಿದವಳು ನಾನು. ಕರುವಿನ ಕಣ್ಣಿನಿಂದ ಹುಳ ತೆಗೆದವಳು, ಹಸುವಿನ ಹೊಟ್ಟೆಗೆ ಕೈ ಹಾಕಿ ಕರು ಎಳೆದವಳು. ನನಗೆ ಭಯವಿರಲಿಲ್ಲ.

ಅಂಗಡಿಯ ಒಳಗೆ ಒಂದು ಉದ್ದನೆ ಬೆಂಚಿತ್ತು. ಮಗುವನ್ನು ಟವೆಲಿನಲ್ಲಿ ಸುತ್ತಿ ಅದರ ಮೇಲೆ ಅಂಗಾತ ಮಲಗಿಸುವುದು. ಹಾಕುವವರು ತಲೆಯ ಕಡೆ ನಿಂತು, ಮೇಲಿನಿಂದ ಬಗ್ಗಿ ಹಾಕುವುದು. ನನ್ನನ್ನೂ ಹಾಗೆಯೇ ನಿಲ್ಲಿಸಿ ಕಲಿಸಿದರು. ಮೇಲಿನ ರೆಪ್ಪೆ ಒಂದು ಬೆರಳಲ್ಲಿ, ಕೆಳಗಿನದು ಇನ್ನೊಂದು ಬೆರಳಲ್ಲಿ. ಮೂರನೆಯ ಸಲಕ್ಕೇ ನಾನು ಹಾಕಿದೆ. ಎರಡು ಕಣ್ಣಿನ ಅಳತೆ ಬೇರೆ ಬೇರೆ, ಬಲಗಣ್ಣು ಸ್ವಲ್ಪ ಚಪ್ಪಟೆ, ಎಡಗಣ್ಣು ಸ್ವಲ್ಪ ಉಬ್ಬು ಎಂದರು. ಆದ್ದರಿಂದ ಎರಡು ಲೆನ್ಸೂ ಬೇರೆ ಬೇರೆ. ಅವುಗಳನ್ನು ಇಡುವ ಡಬ್ಬಿಗೆ ಎರಡು ಗೂಡು, ಎರಡು ಮುಚ್ಚಳ. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಏನೋ ಅಕ್ಷರ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ.

"ಅಕ್ಷರ ಬಿಟ್ಟುಬಿಡಿ" ಎಂದು ಒಂದು ಮುಚ್ಚಳಕ್ಕೆ ಕೆಂಪು ಬಣ್ಣದ ಬೊಟ್ಟಿಟ್ಟರು. "ಕೆಂಪು ಚುಕ್ಕೆ ಬಲಕ್ಕೆ. ಚುಕ್ಕೆ ಇಲ್ಲದ್ದು ಎಡಕ್ಕೆ. ಹೇಳಿ ನೋಡೋಣ."

"ಕೆಂಪು ಚುಕ್ಕೆ ಬಲಕ್ಕೆ."

"ಇನ್ನೊಂದ್ಸಲ."

"ನಾನೇನ್ ಇಸ್ಕೂಲ್ ಮಗಾ ಏನ್ ಸ್ವಾಮಿ?" ಎಂದೆ. ಆದರೂ ಇನ್ನೊಂದು ಸಲ ಹೇಳಿಸಿಯೇ ಬಿಟ್ಟರು.

ಹಾಕಿದ ಮೇಲೆ ಒಂದು ಹಳದಿ ಕಾಗದದ ಚೂರನ್ನು ಮಗುವಿನ ಕಣ್ಣಿಗೆ ತಾಗಿಸಿ, ನೀಲಿ ಬೆಳಕಿನ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಕಣ್ಣಿನ ಮೇಲೆ ಹಸಿರು ನೀರು ಹರಡಿಕೊಳ್ಳುತ್ತಿತ್ತು. ನನಗೂ ತೋರಿಸಿದರು. "ನೋಡಿ, ಹಸಿರು ಎಲ್ಲಾ ಕಡೆ ಒಂದೇ ಸಮ ಇದೆ. ಚೆನ್ನಾಗಿ ಕೂತಿದೆ ಅಂತ ಅರ್ಥ." ಎರಡೂ ಚೆನ್ನಾಗಿ ಕೂತಿದ್ದವು. ಖುಷಿಯಾಗಿ ಊರಿಗೆ ಬಂದೆವು.

ಊರಲ್ಲಿ ಕೂರಲಿಲ್ಲ.

ಎಡಗಣ್ಣಿನದು ಹಾಕಿದ ಅರ್ಧ ಗಂಟೆಗೆ ಉದುರಿಬಿಡುವುದು. ಬಲಗಣ್ಣಿನದು ಕಚ್ಚಿಕೊಂಡು ಕಣ್ಣು ಕೆಂಡದ ಹಾಗೆ ಕೆಂಪಗಾಗುವುದು. ಮಗು ಉಜ್ಜಿಕೊಂಡು ಕಿರುಚುವುದು. ಎತ್ತಿಕೊಂಡು ಹುಣಸೂರಿಗೆ ಓಡಿದರೆ ಅವರು ಬೆಂಚಿನ ಮೇಲೆ ಮಲಗಿಸಿ ಹಾಕುತ್ತಿದ್ದರು, ಕೂರುತ್ತಿತ್ತು. "ನೀವು ಹಾಕಿ" ಎಂದು ನನ್ನ ಕೈಗೆ ಕೊಡುತ್ತಿದ್ದರು, ನಾನು ಹಾಕಿದರೂ ಕೂರುತ್ತಿತ್ತು. ಎರಡು ತಾಸು ಅಲ್ಲೇ ಕುಳಿತರೂ ಅಲುಗುತ್ತಿರಲಿಲ್ಲ. ಬಸ್ಸಿನ ಧೂಳಿಗೆಂದು ಹೊರಡುವ ಮೊದಲು ಅವರೇ ತೆಗೆದು ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಊರಿಗೆ ಬಂದು ಮಾರನೆಯ ದಿನ ಹಾಕಿದರೆ ಮತ್ತೆ ಅದೇ ರಗಳೆ.

ಹುಣಸೂರಲ್ಲಿ ಕೂರುವುದು ನಮ್ಮೂರಲ್ಲಿ ಯಾಕೆ ಕೂರುವುದಿಲ್ಲ? ನನ್ನ ತಲೆ ಕೆಟ್ಟುಹೋಯಿತು. ಕಂಪಲಾಪುರದ ಆಚೆಗಿನ ನಮ್ಮೂರಿಗೂ ಹುಣಸೂರಿಗೂ ಇರುವುದು ಒಂದು ಬಸ್ಸಿನ ದಾರಿ. ಗಾಳಿ ಬೇರೆಯೇ? ನೀರು ಬೇರೆಯೇ? ಆಗ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿನ ಶಾಖ ಮಗುವಿನ ಕಣ್ಣು ಒಣಗಿಸುತ್ತಿದೆ ಎಂದು ನಮ್ಮ ಯಜಮಾನರು ಹೇಳಿದರು. ಮಗುವನ್ನು ಒಂದು ವಾರ ಕೆ.ಆರ್. ನಗರದ ನನ್ನ ತಂಗಿಯ ಮನೆಗೆ ಎತ್ತಿಕೊಂಡು ಹೋದೆ. ಅಲ್ಲಿ ಬ್ಯಾರನ್ನಿಲ್ಲ, ಬರೀ ಭತ್ತದ ಗದ್ದೆ. ಅಲ್ಲಿಯೂ ಉದುರಿತು. ದೃಷ್ಟಿಯಾಗಿದೆ ಎಂದು ತಂಗಿ ಮೆಣಸಿನಕಾಯಿ ಸುಟ್ಟಳು. ಅದರ ಘಾಟಿಗೆ ಮಗುವಿನ ಕಣ್ಣು ಇನ್ನಷ್ಟು ಊದಿಕೊಂಡಿತು. ನೆತ್ತಿಗೆ ಹರಳೆಣ್ಣೆ ಇಡುವುದನ್ನು ನಿಲ್ಲಿಸಿದೆ. ಸೋಪು ಬದಲಾಯಿಸಿದೆ. ಆ ವರ್ಷ ಒಂದು ಎಲೆ ಹೊಗೆಸೊಪ್ಪನ್ನೂ ಕೈಯಲ್ಲಿ ಮುಟ್ಟಲಿಲ್ಲ.

ಅವರೂ ಕಂಗಾಲಾದರು. ಎರಡು ಸಲ ಮದ್ರಾಸಿಗೆ ಬರೆದು ಬೇರೆ ಅಳತೆಯದು ತರಿಸಿದರು. ಕೆಂಪಾದ ಕಣ್ಣನ್ನು ತಾವೇ ನೋಡಿ ಎಡಗಣ್ಣಿನದನ್ನು ಸ್ವಲ್ಪ ಬಿಗಿ, ಬಲಗಣ್ಣಿನದನ್ನು ಸ್ವಲ್ಪ ಸಡಿಲ. ಆಗ ಹುಣಸೂರಿನಲ್ಲಿ ಹಾಕಿದರೂ ಸರಿ ಕೂರಲಿಲ್ಲ, ಊರಿನಲ್ಲಂತೂ ಇನ್ನೂ ಕೆಟ್ಟಿತು. ಮತ್ತೆ ಹಳೆಯದಕ್ಕೇ ಬಂದರು. ಬ್ಯಾಟರಿ ಹಿಡಿದುಕೊಂಡು ಮಗುವಿನ ಕಣ್ಣನ್ನೇ ನೋಡುತ್ತ, "ಏನ್ ಅಮ್ಮಾವ್ರೇ, ನನ್ನತ್ರ ಏನೋ ಮುಚ್ಚಿಡ್ತಿದ್ದೀರಿ" ಎನ್ನುತ್ತಿದ್ದರು.

ಒಂದು ದಿನ ಅಂಗಡಿಯಲ್ಲೇ ಲೆನ್ಸ್ ಕೆಳಗೆ ಬಿತ್ತು. "ಯಾರೂ ಅಲ್ಲಾಡಬೇಡಿ! ನಿಂತ ಕಡೆ ನಿಂತ್ಕೊಳ್ಳಿ!" ಎಂದು ಕೂಗಿದರು. ಬೈಲಕುಪ್ಪೆಯಿಂದ ಕನ್ನಡಕ ಮಾಡಿಸಲು ಬಂದಿದ್ದ ಒಬ್ಬರು ವಯಸ್ಸಾದ ಲಾಮಾ ಆಗ ತಾನೇ ಒಂದು ಕಾಲು ಒಳಗಿಟ್ಟಿದ್ದರು. ಪಾಪ, ಇನ್ನೊಂದು ಕಾಲನ್ನು ಎತ್ತಿಕೊಂಡೇ ನಿಂತರು. ಅಂಗಡಿಯವರು ನೆಲದ ಮೇಲೆ ಬೋರಲು ಮಲಗಿ, ಬ್ಯಾಟರಿಯನ್ನು ನೆಲಕ್ಕೆ ಅಡ್ಡಲಾಗಿ ಬಿಟ್ಟು ಹುಡುಕಿದರು. ಎಲ್ಲೆಲ್ಲೂ ಇಲ್ಲ. ಕೊನೆಗೆ ಲಾಮಾ ನಕ್ಕು, ಮಗುವಿನ ಕೆನ್ನೆ ತೋರಿಸಿ, ತಮ್ಮ ಮುರುಕು ಕನ್ನಡದಲ್ಲಿ "ಅಲ್ಲಿ, ಅಲ್ಲಿ ಅಂಟು" ಎಂದರು. ಕೆನ್ನೆಯ ಮಡಿಕೆಯಲ್ಲಿ ಅಂಟಿಕೊಂಡಿತ್ತು. "ನಾನು ಇಪ್ಪತ್ತು ವರ್ಷ ಸರ್ವೀಸು, ಕಣ್ಣಿಲ್ಲ ಅಂತ ಬಂದವರು ಹುಡುಕಿ ಕೊಟ್ರು" ಎಂದು ಅಂಗಡಿಯವರು ಮೊದಲ ಸಲ ನನ್ನೆದುರು ನಕ್ಕರು.

ನಗು ಬಹಳ ದಿನ ಇರಲಿಲ್ಲ. ನಾಲ್ಕು ತಿಂಗಳು ಹೀಗೇ ಕಳೆಯಿತು. ಮಗುವಿಗೆ ವರ್ಷ ತುಂಬಿ ಎರಡು ತಿಂಗಳಾಯಿತು. ಕರೆದರೆ ಸದ್ದು ಬಂದ ಕಡೆ ತಿರುಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ದೀಪಾವಳಿ ಒಳಗೆ ಕೂರದಿದ್ರೆ ಲೆನ್ಸ್ ಬಿಟ್ಬಿಡೋಣ, ಎಷ್ಟು ಕಂಡ್ರೆ ಅಷ್ಟೇ ಅಂತ ಇರಬೇಕಾಗುತ್ತೆ" ಎಂದರು. ಆ ಸಂಜೆ ಮನೆಯಲ್ಲಿ ಜಗಳವಾಯಿತು.

"ಬುಡವ್ವ, ಸಾಕು" ಎಂದ ಮಗ. "ಮಗೀನ ಕಣ್ಣ ದಿನಾ ಚುಚ್ಚಿ ಚುಚ್ಚಿ ಇರೋದನ್ನೂ ಕಳೀತೀರಿ."

"ನಾನ್ ಚುಚ್ಚಿದ್ನೇನ್ಲಾ?"

"ಇನ್ಯಾರು ಚುಚ್ಚಿದ್ದು?" ಎಂದಳು ಸೊಸೆ. ಅವಳು ನನ್ನ ಎದುರು ಮಾತಾಡುವವಳಲ್ಲ. "ಅವ್ರು ಆಕುದ್ರೆ ಕೂರ್ತದೆ. ಮನೇಲಿ ನೀವಾಕುದ್ರೆ ಬೀಳ್ತದೆ. ನಿಮ್ ಕೈಯಾಗೇ ಏನೋ ಅದೆ ಅತ್ತೆ."

"ಅಲ್ಲಿ ನಾನ್ ಆಕುದ್ರೂ ಕೂರ್ತದೆ ಕಣಮ್ಮಿ!"

"ಅಲ್ಲಿ ಅವ್ರು ಪಕ್ಕದಲ್ಲಿರ್ತಾರೆ."

ಇನ್ನೊಂದೇ ಒಂದು ಸಲ ಬಿದ್ದರೆ ಡಬ್ಬಿಯನ್ನು ಒಲೆಗೆ ಹಾಕುತ್ತೇನೆ ಎಂದು ಮಗ ಹೇಳಿದ. ಹೇಳಿದ್ದನ್ನು ಮಾಡುವ ಜಾತಿ ಅವನು, ನನ್ನ ಹಾಗೆ. ಮಾರನೆಯ ದಿನ ಒಬ್ಬಳೇ ಹುಣಸೂರಿಗೆ ಹೋಗಿ ಅಂಗಡಿಯಲ್ಲಿ ನಾಲ್ಕು ಜನರ ಎದುರು ಅವರನ್ನು ಬೈದೆ. "ನಿಮ್ ಅಂಗ್ಡೀಲಿ ಮಾತ್ರ ಕೂರೋ ಪರೆ ನಮಗ್ಯಾಕೆ? ಮಗೀನ ತಂದು ನಿಮ್ ಬೆಂಚಿನ ಮೇಲೇ ಸಾಕ್ಲಾ?" ಎಂದೆ. ಅವರು ಕೈ ಒರೆಸಿಕೊಳ್ಳುತ್ತ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು.

"ಮಂಗಳವಾರ ಅಂಗಡಿ ರಜ. ನಿಮ್ಮೂರಿಗೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗಿದೆ?"

ಕಂಪಲಾಪುರದಲ್ಲಿ ಇಳಿದವರನ್ನು ಮಗ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದ. ಅಷ್ಟು ದೊಡ್ಡ ಮನುಷ್ಯ ಕ್ಯಾರಿಯರ್ ಮೇಲೆ ಕುಳಿತು, ಬ್ಯಾಟರಿಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಿಳಿದದ್ದನ್ನು ನೋಡಿ ಬೀದಿಯವರೆಲ್ಲ ನಮ್ಮ ಜಗುಲಿಗೆ ಬಂದರು. ಅವರು ಯಾರ ಕಡೆಯೂ ನೋಡಲಿಲ್ಲ. "ದಿನಾ ಹೇಗೆ ಹಾಕ್ತೀರೋ ಹಾಗೇ ಹಾಕಿ ತಾಯಿ. ನಾನು ಇಲ್ಲಿಲ್ಲ ಅಂದ್ಕೊಳ್ಳಿ" ಎಂದು ಒಂದು ಮೂಲೆಗೆ ಸರಿದು ಕುಳಿತರು.

ನಮ್ಮ ಮನೆಯಲ್ಲಿ ಬೆಂಚಿಲ್ಲ. ಸೊಸೆ ಕಾಲು ಚಾಚಿ ಕುಳಿತಳು. ಮಗುವನ್ನು ತನ್ನ ಎದೆಗೆ ಒರಗಿಸಿಕೊಂಡು, ಮುಖ ನನ್ನ ಕಡೆ ಬರುವ ಹಾಗೆ ಹಿಡಿದುಕೊಂಡು, ತಾನು ಕಣ್ಣು ಮುಚ್ಚಿಕೊಂಡಳು. ನಾನು ಎದುರಿಗೆ ಕುಳಿತು, ಡಬ್ಬಿ ತೆಗೆದು, "ಕೆಂಪು ಚುಕ್ಕೆ ಬಲಕ್ಕೆ" ಎಂದು ಬಾಯಲ್ಲಿ ಹೇಳಿಕೊಂಡು ನನ್ನ ಬಲಗಡೆಗೆ ಬಂದ ಮಗುವಿನ ಕಣ್ಣಿಗೆ ಹಾಕಿದೆ. ಚುಕ್ಕೆ ಇಲ್ಲದ್ದನ್ನು ಎಡಗಡೆಯದಕ್ಕೆ.

ಮೂಲೆಯ ಕಡೆ ತಿರುಗಿ ನೋಡಿದರೆ ಅವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಎದ್ದು, ಕಾಫಿ ಕೇಳಿದರು. ಅವರು ಕಾಫಿ ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾಫಿ ಬಂದಾಗ ಲೋಟ ಕೈಗೆ ತೆಗೆದುಕೊಂಡು ಹಾಗೇ ಕೆಳಗಿಟ್ಟು, ಡಬ್ಬಿ ಎತ್ತಿ ನೋಡಿದರು.

"ಛೆ, ತಪ್ಪು ನಂದೇ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಚುಕ್ಕೆ ಇಡುವಾಗ ಅದಲುಬದಲು ಮಾಡಿಬಿಟ್ಟಿದ್ದೀನಿ. ಅಜ್ಜಿ ಸರಿಯಾಗೇ ಹಾಕಿದ್ದಾರೆ. ಅವರ ಕೈ ಬಹಳ ಚೆನ್ನಾಗಿದೆ. ಇಷ್ಟು ದಿನ ಆ ಮಗು ನರಳಿದ್ದು ನನ್ನಿಂದ."

ಸೊಸೆಯ ಹತ್ತಿರ ಉಗುರಿಗೆ ಹಚ್ಚುವ ಬಣ್ಣವಿತ್ತು. ಅದನ್ನು ತರಿಸಿದರು. ಹಳೆಯ ಚುಕ್ಕೆಯನ್ನು ಬ್ಲೇಡಿನಲ್ಲಿ ಕೆರೆದು ತೆಗೆದು, ಇನ್ನೊಂದು ಮುಚ್ಚಳಕ್ಕೆ ಹೊಸ ಚುಕ್ಕೆ ಇಟ್ಟರು. ಕಣ್ಣಿನಲ್ಲಿದ್ದುದನ್ನು ತೆಗೆಸಿ, ತೊಳೆಸಿ, ತಾವೇ ಆಯಾ ಗೂಡಿಗೆ ಇಟ್ಟು, ಚುಕ್ಕೆಯ ಪ್ರಕಾರ ನನ್ನ ಕೈಯಲ್ಲೇ ಮತ್ತೆ ಹಾಕಿಸಿದರು. ಹಳದಿ ಕಾಗದ ತಾಗಿಸಿ ಬ್ಯಾಟರಿ ಬಿಟ್ಟು, "ನೋಡಿ" ಎಂದು ನನ್ನ ಮಗನನ್ನೇ ಕರೆದು ತೋರಿಸಿದರು. ಹಸಿರು ಒಂದೇ ಸಮ ಹರಡಿತ್ತು.

ಅವತ್ತು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಮೂರನೆಯ ವಾರ ಮಗು ನನ್ನ ತೊಡೆಯ ಮೇಲಿದ್ದಳು. ನನ್ನ ಗಲ್ಲದಲ್ಲಿ ಒಂದೇ ಒಂದು ಬಿಳಿ ಕೂದಲಿತ್ತು. ಬಹಳ ಹೊತ್ತು ಅದನ್ನೇ ನೋಡಿ, ಎರಡು ಬೆರಳಲ್ಲಿ ಹಿಡಿದು ಜೋರಾಗಿ ಎಳೆದಳು. ನೋವಿಗೆ ಕೂಗಿದೆ. ಸೊಸೆ ಓಡಿ ಬಂದು ಏನೆಂದು ತಿಳಿದ ಮೇಲೆ ಅಲ್ಲೇ ಕುಳಿತು ಅತ್ತಳು. ನಾನು ಅಳಲಿಲ್ಲ. ನನಗೆ ಗಲ್ಲ ಉರಿಯುತ್ತಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಸಲ ಅಂಗಡಿಗೆ ಹೋದಾಗ ಎಂದಿನಂತೆ ಬೆಂಚಿನ ತಲೆಯ ಕಡೆ ನಿಂತು ನಾನು ಡಬ್ಬಿ ತೆಗೆದೆ. ಅವರು ಬಂದು ನನ್ನ ಕೈಯನ್ನೇ ಹಿಡಿದುಕೊಂಡರು. "ಇಲ್ಲಿ ಬೇಡ ತಾಯಿ. ಇಲ್ಲಿ ನಾನು ಹಾಕ್ತೀನಿ. ನೀವು ಮನೇಲಿ ಮಾತ್ರ ಹಾಕಿ." ನನಗೆ ಅವಮಾನವಾಯಿತು. ಮನೆಯಲ್ಲಿ ಅಷ್ಟು ಹೊಗಳಿದವರು ಇಲ್ಲಿ ಮುಟ್ಟಲು ಬಿಡುವುದಿಲ್ಲ. ಯಾಕೆಂದು ಕೇಳಿದರೆ ಬೇರೆ ಮಾತು ತೆಗೆದರು. ಅದರ ಮುಂದಿನ ಸಲವೂ ಹಾಗೆಯೇ. ಈ ಮನುಷ್ಯನ ತಲೆಯಲ್ಲಿ ಏನಿದೆ ಎಂದು ನನಗೆ ಬಗೆಹರಿಯಲಿಲ್ಲ.

ಬಗೆಹರಿದದ್ದು ಹೊಲದಲ್ಲಿ. ನಮ್ಮ ಯಜಮಾನರು ನೇಗಿಲ ಹಿಂದೆ ನಿಂತಿದ್ದರು. ನಾನು ಎತ್ತುಗಳ ಮೂತಿಯ ಮುಂದೆ ನಿಂತಿದ್ದೆ. "ಬಲದೆತ್ತಿನ ಹಗ್ಗ ಸಡ್ಲಾಗದೆ, ಬಿಗಿ ಮಾಡಮ್ಮಿ" ಎಂದರು. ನಾನು ಯೋಚನೆ ಮಾಡದೆ ನನ್ನ ಎಡಗಡೆ ಇದ್ದ ಎತ್ತಿನ ಹಗ್ಗಕ್ಕೆ ಕೈ ಹಾಕಿದೆ. ನಲವತ್ತು ವರ್ಷದಿಂದ ಹಾಗೆಯೇ ಹಾಕುತ್ತಿದ್ದೇನೆ. ಎತ್ತಿನ ಎಡಬಲ ಉಳುವವನ ಎಡಬಲ. ಅದು ಹಿಂದಿನಿಂದ ನೋಡಿದ ಲೆಕ್ಕ. ಮುಂದೆ ಬಂದು ನಿಂತವರಿಗೆ ತಿರುಗಿಕೊಳ್ಳುತ್ತದೆ. ಇದು ಹಟ್ಟಿಯ ಮಕ್ಕಳಿಗೂ ಗೊತ್ತು. ಹಗ್ಗ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಬೆಂಚಿನ ತಲೆಯ ಕಡೆ ನಿಂತಾಗ ನಾನು ಮಗುವಿಗೆ ನೇಗಿಲ ಹಿಂದೆ ನಿಂತ ಹಾಗೆ. ಮಗುವಿನ ಬಲ, ನನ್ನ ಬಲ ಒಂದೇ. ಮನೆಯಲ್ಲಿ ಎದುರಿಗೆ ಕುಳಿತಾಗ ಎತ್ತಿನ ಮೂತಿಯ ಮುಂದೆ ನಿಂತ ಹಾಗೆ. ಎತ್ತಿನ ವಿಷಯದಲ್ಲಿ ಒಂದು ದಿನವೂ ತಪ್ಪದವಳು ಮೊಮ್ಮಗಳ ಕಣ್ಣಿನಲ್ಲಿ ನಾಲ್ಕು ತಿಂಗಳು ತಪ್ಪಿದ್ದೆ. ಅವರು ಚುಕ್ಕೆ ತಪ್ಪಾಗಿ ಇಟ್ಟಿರಲಿಲ್ಲ. ನನ್ನ ತಪ್ಪಿಗೆ ಸರಿಹೊಂದುವ ಹಾಗೆ ಅವತ್ತು ತಿರುಗಿಸಿ ಇಟ್ಟಿದ್ದರು. ಅದಕ್ಕೇ ಅಂಗಡಿಯ ಬೆಂಚಿನಲ್ಲಿ ನನ್ನ ಕೈ ಹಿಡಿದದ್ದು.

"ಏನಮ್ಮಿ, ದಯ್ಯ ಕಂಡ್ಯಾ?" ಎಂದರು ಯಜಮಾನರು.

ಮಾರನೆಯ ವಾರ ಹುಣಸೂರಿಗೆ ಹೋಗಿ, ಅಂಗಡಿ ಖಾಲಿಯಾಗುವ ತನಕ ಕಾದು ಕೇಳಿದೆ. "ತಪ್ಪು ನಂದಲ್ವಾ ಸ್ವಾಮಿ?"

ಅವರು ಗಾಜು ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. "ಮನೇಲಿ ಹೇಗೆ ಕೂರಿಸ್ಕೊಂಡು ಹಾಕ್ತೀರ ಅಂತ ಮೊದಲನೇ ದಿನಾನೇ ಕೇಳಬೇಕಿತ್ತು ನಾನು. ಕೇಳಲಿಲ್ಲ. ಹಾಗಾಗಿ ಅರ್ಧ ನಂದೂ ಇದೆ."

"ನನ್ನೊಬ್ಳಿಗೇ ಯೋಳ್ಬೋದಿತ್ತಲ್ಲ. ಅಷ್ಟು ಜನದ ಎದುರ್ಗೆ ಇಲ್ಲದ ತಪ್ಪು ಯಾಕೊಪ್ಕಂಡ್ರಿ?"

"ನಿಮ್ಮ ತಪ್ಪು ಅಂತ ಗೊತ್ತಾಗಿದ್ರೆ ನಿಮ್ಮ ಮಗ ಇನ್ನೊಂದು ದಿನ ಹಾಕೋಕೆ ಬಿಡ್ತಿದ್ರಾ?"

ನಾನು ಬೆಂಚಿನ ಮೇಲೆ ಕುಳಿತೆ.

"ನಿಮ್ಮ ಸೊಸೆಗೆ ಆಗಲ್ಲ. ಮಗನಿಗೆ ಆಗಲ್ಲ. ಆ ಮನೇಲಿ ಕಣ್ಣು ಮುಟ್ಟೋ ಕೈ ಇರೋದು ಒಂದೇ" ಎಂದರು. "ಅದಕ್ಕೆ ಕೆಟ್ಟ ಹೆಸರು ಬರಬಾರದು. ಮಗು ತನ್ನ ಕೈಯಲ್ಲೇ ಹಾಕ್ಕೊಳ್ಳೋವರೆಗೂ ಯಾರಿಗೂ ಹೇಳಬೇಡಿ. ಆಮೇಲೆ ನಿಮ್ಮಿಷ್ಟ."

ನಾನು ಹೇಳಲಿಲ್ಲ. ಆದರೆ ಅವತ್ತು ನಮ್ಮ ಜಗುಲಿಯಲ್ಲಿ ನಿಂತವರು ಸುಮ್ಮನಿದ್ದರೇ? ಹುಣಸೂರಿನ ಕನ್ನಡಕದವನಿಗೆ ಎಡಬಲ ಗೊತ್ತಿಲ್ಲ ಎಂದು ಸುತ್ತಿನ ಹಳ್ಳಿಗೆಲ್ಲ ಹರಡಿತು. ಅವರಿಗೆ ಎಡಬಲದೋರು ಎಂದೇ ಹೆಸರಾಯಿತು. ನಮ್ಮ ಕಡೆಯವರು ಕನ್ನಡಕಕ್ಕೆ ಪಿರಿಯಾಪಟ್ಟಣಕ್ಕೆ ಹೋಗತೊಡಗಿದರು. ಅವರ ಕಿವಿಗೂ ಬಿದ್ದಿತ್ತು. ಒಂದು ಸಲ ನಾನಿರುವಾಗಲೇ ಯಾರೋ ಬಾಗಿಲಲ್ಲಿ ನಿಂತು "ಏನ್ ಸಾರ್, ಎಡಗಣ್ಣು ಯಾವುದು ಅಂತ ಚೀಟಿ ಅಂಟಿಸ್ಕೊಂಡು ಬರ್ಲಾ?" ಎಂದು ಕೇಳಿದ. ಅವರು ನಕ್ಕು, "ಅರ್ಜೆಂಟ್ ಇಲ್ಲ ಅಂದ್ರೆ ಒಳಗೆ ಬನ್ನಿ" ಎಂದರು. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಮೊಮ್ಮಗಳು ಏಳನೆಯ ವರ್ಷಕ್ಕೆ ತಾನೇ ಹಾಕಿಕೊಳ್ಳಲು ಕಲಿತಳು. ಅವರೇ ಕಲಿಸಿದರು, ಚುಕ್ಕೆಯಿಲ್ಲದ ಹೊಸ ಡಬ್ಬಿ ಕೊಟ್ಟು, ಕನ್ನಡಿಯ ಎದುರು ಕೂರಿಸಿ. ಕನ್ನಡಿಯಲ್ಲಿ ಬಲ ಬಲಕ್ಕೇ ಇರುತ್ತದಂತೆ. ಎದುರಿಗಿರುವ ಮಗುವಿನ ಬಲ ತಿರುಗುತ್ತದೆ, ಕನ್ನಡಿಯೊಳಗಿನ ಮಗುವಿನದು ಯಾಕೆ ತಿರುಗುವುದಿಲ್ಲ? ಎರಡು ಸಲ ವಿವರಿಸಿದರು. ನನಗೆ ಅರ್ಥವಾಗಲಿಲ್ಲ. ಇರಲಿ. ಆ ದಿನದಿಂದ ಹೇಳುವ ಸ್ವಾತಂತ್ರ್ಯ ನನಗಿತ್ತು. ಹೇಳಲಿಲ್ಲ. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡೆ. ಯಾರು ಕೇಳುತ್ತಾರೆ? ಮೊಮ್ಮಗಳ ಕಣ್ಣು ಉಳಿಸಿದವಳು ಎಂದು ನೆಂಟರಿಷ್ಟರಲ್ಲಿ ನನಗೆ ಹೆಸರಿತ್ತು. ಅದು ಕೇಳಲು ಹಿತವಾಗಿತ್ತು. ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅವಳು ಹೈಸ್ಕೂಲಿಗೆ ಸೇರಿದ ವರ್ಷ, ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದ ಮಗ ಸಂಜೆ ಬಂದು ಅಂಗಿ ಕಳಚುತ್ತ ಹೇಳಿದ.

"ಅವ್ವ, ಕನ್ನಡಕದಂಗ್ಡಿಯೋರು ಓಗ್ಬುಟ್ರಂತೆ. ಮೊನ್ನೆನೇ ಮಣ್ಣು ಮಾಡವ್ರೆ. ಬಾಗ್ಲಾಗೆ ಫೋಟೋ ಮಡಗಿ ಊವಿನ ಆರ ಆಕವ್ರೆ."

ನಾನು ಹೆಸರುಕಾಳು ಆರಿಸುತ್ತಿದ್ದೆ. ಮೊಮ್ಮಗಳು ಪುಸ್ತಕ ಮುಚ್ಚಿ ಒಳಗೆ ಹೋದಳು.

"ಪಾಪ, ಒಳ್ಳೆ ಮನುಷ್ಯ" ಎಂದ ಮಗ. "ನಮ್ ಮಗೀನ ವಿಷ್ಯದಾಗೆ ಅದೊಂದು ಎಡವಟ್ಟು ಮಾಡ್ಬುಟ್ಟ. ಎಡಬಲ ನೋಡ್ಕಂಡಿದ್ರೆ ಆ ನಾಕು ತಿಂಗ್ಳು ಉಳೀತಿತ್ತು."

ಸತ್ತ ಮೇಲೂ ಅದೇ ಮಾತು. ಆಡಿದವನು ಕೆಟ್ಟವನಲ್ಲ, ಅವನಿಗೆ ಗೊತ್ತಿದ್ದುದೇ ಅಷ್ಟು. ನನ್ನ ಬಾಯಿ ತೆರೆಯಿತು.

"ಅವ್ರ್ ಮಾಡ್ಲಿಲ್ಲ ಕಣ್ಲಾ. ನಾನ್ ಮಾಡ್ದೆ."

ಎಲ್ಲ ಹೇಳಿದೆ. ಬೆಂಚು, ತೊಡೆ, ಎತ್ತು, 'ಯಾರಿಗೂ ಹೇಳಬೇಡಿ' ಎಂದದ್ದು. ಮಗ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ. ಸೊಸೆ ಒಲೆಯ ಮುಂದಿನಿಂದ ಎದ್ದು ಬಂದು ನಿಂತಳು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಓಗ್ಲಿ ಬುಡವ್ವ, ಈಗ್ಯಾಕೆ" ಎಂದ ಮಗ. "ಮನೆ ಮಾತು ಮನೇಲಿರ್ಲಿ. ಅವ್ರೇ ಓದ್ರು. ಇನ್ಯಾರ್ಗೇನಾಗ್ಬೇಕು?"

ಅವನು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ನನಗೂ ಹೇಳಲು ಬರಲಿಲ್ಲ. ಊಟ ಮಾಡಿದೆ, ಮಲಗಿದೆ.

ಬೆಳಿಗ್ಗೆ ಹಾಲು ಕರೆದು, ಕ್ಯಾನು ತೆಗೆದುಕೊಂಡು ನಾನೇ ಡೇರಿಗೆ ಹೋದೆ. ದಿನಾ ಸೊಸೆ ಹೋಗುವುದು. ಊರಿನ ಅರ್ಧ ಜನ ಸಾಲಿನಲ್ಲಿ ನಿಂತಿದ್ದರು, ಸೆಕ್ರೆಟರಿ ಹಾಲಿಗೆ ಅಳತೆಕೊಳವೆ ಬಿಟ್ಟು ನೋಡುತ್ತಿದ್ದ. ನನ್ನ ಸರದಿ ಬಂದಾಗ ಕ್ಯಾನು ಇಳಿಸದೆ ಸಾಲಿನ ಕಡೆ ತಿರುಗಿ ನಿಂತೆ. ಹುಣಸೂರಿನ ಕನ್ನಡಕದೋರು ತೀರ್ಕಂಡವ್ರೆ, ಅವ್ರಿಗೆ ಎಡಬಲ ಚೆನ್ನಾಗಿ ಗೊತ್ತಿತ್ತು, ಗೊತ್ತಿಲ್ದೆ ಇದ್ದೋಳು ನಾನು, ಮೊಮ್ಮಗಳ ಕಣ್ಣಿಗೆ ನಾಕು ತಿಂಗ್ಳು ಅದಲುಬದಲು ಆಕ್ದೋಳು ನಾನು, ಇನ್ಮೇಲೆ ಆ ಹೆಸರು ಯಾರಾದ್ರೂ ಕರೆಯೋದಾದ್ರೆ ನನ್ನ ಕರೀರಿ ಎಂದೆ. ಹಿಂದಿನವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ.

"ಆಯ್ತು ದೊಡ್ಡವ್ವ, ಹಾಲು ಉಯ್ಯಿ, ಹಿಂದೆ ಜನ ಅವ್ರೆ" ಎಂದ ಸೆಕ್ರೆಟರಿ.

ಉಯ್ದೆ.